ಕೆನ್ನೆಯ ಮೇಲಿನ ಹಸಿರು

ಬಳ್ಳಾರಿಯ ಈ ಒಂಟಿ ಕೋಣೆಯಲ್ಲಿ ಕೂತು ನಾನು ಎಷ್ಟೋ ಮದುವೆ ನೋಡಿದ್ದೇನೆ, ಒಂದಕ್ಕೂ ಹೋಗಿಲ್ಲ. ಸುತ್ತಲಿನ ಸ್ಟುಡಿಯೋದವರು ಫೋಟೊ ಕಳಿಸುತ್ತಾರೆ, ನಾನು ಕಂಪ್ಯೂಟರಿನಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ. ಮದುಮಗಳ ಮೊಡವೆ ಅಳಿಸುವುದು, ತೂಕಡಿಸುವ ಸೋದರಮಾವನ ಕಣ್ಣು ತೆರೆಸುವುದು, ಇಂಥ ಪುಣ್ಯದ ಕೆಲಸ. ಗಂಡನ ಮನೆ ಬಿಟ್ಟು ಬಂದ ಮೇಲೆ ಕಲಿತ ವಿದ್ಯೆ. ಮಾತಿಗೆ ಯಾರೂ ಸಿಗದ ದಿನ ಪರದೆಯ ಮೇಲಿನ ಮುಖಗಳನ್ನೇ ಬೈಯುತ್ತೇನೆ.

ಒಂದು ಮಧ್ಯಾಹ್ನ ಸಿರುಗುಪ್ಪದ ಸ್ಟುಡಿಯೋದವನು ಒಂದು ಫೋಟೊ ಕಳಿಸಿದ. ಅವನು ನನ್ನ ಮುಖ ಕಂಡವನಲ್ಲ, ಕೆಲಸವೆಲ್ಲ ಫೋನಿನಲ್ಲೇ. ಇಬ್ಬರಲ್ಲಿ ಅಜ್ಜಿಯದು ಮಾತ್ರ ಬೇಕು, ಶ್ರದ್ಧಾಂಜಲಿಗೆ. ಪಕ್ಕದ ಹಸಿರು ಸೀರೆಯವಳನ್ನು ತೆಗೆದು ಹಿಂದೆ ತಿಳಿನೀಲಿ ಹಾಕಿ ಎಂದು ಬರೆದಿದ್ದ.

ಹಸಿರು ಸೀರೆಯವಳು ನಾನು. ಅಜ್ಜಿ ನನ್ನ ಅತ್ತೆ.

ಸತ್ತ ಸುದ್ದಿ ನನಗೆ ಮುಟ್ಟಿದ್ದು ಹೀಗೆ. ಕುರುಗೋಡಿನ ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಮಣ್ಣಿಗೂ ಹೋಗಿ ಬಂದಿದ್ದನಂತೆ. ನೀನು ಬಂದರೆ ಅಲ್ಲಿ ಮಾತು ಬೆಳೆಯುತ್ತದೆ ಅಂತ ಹೇಳಲಿಲ್ಲವಂತೆ. ನಾನು ಫೋನ್ ಇಟ್ಟೆ.

ಆ ಫೋಟೊ ಸಿರುಗುಪ್ಪದಲ್ಲಿ ಮೇಲಿನ ಮನೆ ಕಟ್ಟಿಸಿ ಪೂಜೆ ಮಾಡಿದ ದಿನದ್ದು. ನಡುಹಗಲ ಬಿಸಿಲಿಗೆ ನಿಲ್ಲಿಸಿದ್ದರು. ಫೋಟೊದವನ ಪ್ಯಾಂಟಿನ ಹಿಂಬದಿಗೆ ಹೊಸ ಗೋಡೆಯ ಬಣ್ಣ ಮೆತ್ತಿದೆ ಎಂದು ಅತ್ತೆಯ ಕಿವಿಯಲ್ಲಿ ಉಸುರಿದ್ದೆ. ಹಣೆಯ ವಿಭೂತಿ ಮುದುಡುವಷ್ಟು ನಕ್ಕಿದ್ದಳು. ಮಾವ ನನ್ನ ಜೊತೆ ನೆಟ್ಟಗೆ ನಾಲ್ಕು ಮಾತಾಡಿದವರಲ್ಲ. ಗಂಡನ ವಿಷಯ ಬಿಡಿ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅವಳ ನಗು ಒಂದೇ. ನಾನು ಬಿಟ್ಟು ಬಂದ ಮೇಲೂ ಒಮ್ಮೆ ಹಲಕುಂದಿ ಮಠಕ್ಕೆ ಅಂತ ಮನೆಯಲ್ಲಿ ಹೇಳಿ ಬಂದು, ನನ್ನನ್ನು ಅಲ್ಲಿಗೆ ಕರೆಸಿಕೊಂಡಿದ್ದಳು.

"ನೀ ಹೋದಮ್ಯಾಲ ಮನ್ಯಾಗ ನಗಸೋರು ಯಾರೂ ಇಲ್ಲ ನೋಡವ್ವಾ," ಅಂದಿದ್ದಳು.

ಎರಡನೇ ಸಲ ಕರೆದಾಗ ಮದುವೆ ಸೀಸನ್ನು, ಕೈತುಂಬ ಕೆಲಸ ಅಂತ ನಾನು ಹೋಗಲಿಲ್ಲ. ಅದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಕೆಲಸಕ್ಕೆ ಕೂತೆ. ಹಿಂದೆ ತಿಳಿನೀಲಿ ತುಂಬಿ, ನನ್ನನ್ನು ಕತ್ತರಿಸಿ ಬೇರೆ ಲೇಯರಿಗೆ, ಅಂದರೆ ಮೇಲಿನ ಪದರಕ್ಕೆ ಹಾಕಿ, ಅದರ ಒಪಾಸಿಟಿ, ಅಂದರೆ ದಟ್ಟತೆ, ಇಳಿಸುತ್ತ ಹೋದೆ. ನೂರು, ಅರವತ್ತು, ಮೂವತ್ತು. ಮೂವತ್ತಕ್ಕೆ ನನ್ನ ಮೈಗಿಂತ ಹಿಂದಿನ ನೀಲಿಯೇ ಹೆಚ್ಚು ಕಾಣತೊಡಗಿತು. ಸೊನ್ನೆಗೆ ತಂದಾಗ ನಾನು ಹೋದೆ, ಅತ್ತೆ ಉಳಿದಳು. ಆದರೆ ಅವಳ ಒಂದು ಕೆನ್ನೆಯ ಮೇಲೆ ತೆಳು ಹಸಿರು ಉಳಿದಿತ್ತು. ಬಿಸಿಲು ನನ್ನ ಸೀರೆಗೆ ಬಡಿದು ಅವಳ ಮುಖಕ್ಕೆ ಚೆಲ್ಲಿದ ಬಣ್ಣ. ಪಕ್ಕದಲ್ಲಿ ನಾನಿದ್ದೆ ಅನ್ನುವುದಕ್ಕೆ ಅದೊಂದೇ ಗುರುತು. ಹಾಗೇ ಬಿಟ್ಟು ಕಳಿಸಿದೆ.

ಗಂಟೆಯೊಳಗೆ ಪುಣ್ಯಾತ್ಮನ ಫೋನ್ ಬಂತು. ಅಜ್ಜಿಯ ಕೆನ್ನೆಗೆ ಹಸಿರು ಹತ್ತಿದೆ, ತೆಗೆಯಿರಿ ಮೇಡಂ ಅಂದ. ಮುಖದ ಮೇಲೆ ಹೊಸ ಲೇಯರ್ ಹಾಕಿ, ಅವಳ ಇನ್ನೊಂದು ಕೆನ್ನೆಯ ಬಣ್ಣ ತುಂಬಿ, ಕೆಳಗಿನದರ ಜೊತೆ ಬೆರೆಯುವ ಬಗೆಯನ್ನು 'ಕಲರ್' ಅಂತ ಇಟ್ಟೆ. ಹಾಗಿಟ್ಟರೆ ಕೆಳಗಿನ ಬೆಳಕು, ನೆರಳು, ಸುಕ್ಕು ಎಲ್ಲ ಇದ್ದಂತೆ ಇರುತ್ತವೆ, ಬಣ್ಣವಷ್ಟೇ ಬದಲಾಗುತ್ತದೆ. ಆ ಲೇಯರಿನ ಒಪಾಸಿಟಿಯನ್ನು ಐವತ್ತಕ್ಕೆ ತಂದು ನಿಲ್ಲಿಸಿದೆ. ಅರ್ಧ ಹಸಿರು ಇನ್ನೂ ಇತ್ತು, ಇಷ್ಟಕ್ಕೇ ಬಿಟ್ಟರೆ ಯಾರಿಗೂ ತಿಳಿಯದು ಅನ್ನಿಸಿತು. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಬೇಡ ಅಂದವರ ಮನೆಗೆ ಇಷ್ಟು ಅಂಟಿಕೊಳ್ಳುವುದೇಕೆ? ನೂರಕ್ಕೆ ಎಳೆದು ಕಳಿಸಿದೆ. ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಬೇರೊಂದು ಆಲ್ಬಮ್ಮಿನ ಮಾತಿಗೆ ಅವನೇ ಫೋನ್ ಮಾಡಿದ. ಅಜ್ಜಿಯ ಎರಡೂ ಫೋಟೊ ಮನೆಯವರಿಗೆ ತೋರಿಸಿದ್ದನಂತೆ. ಮಗ ತಿದ್ದಿದ್ದೇ ಇರಲಿ ಅಂದನಂತೆ. ಮುದುಕರು, ಅಂದರೆ ನನ್ನ ಮಾವ, ಒಪ್ಪಲಿಲ್ಲವಂತೆ.

"ಮೊದಲಿಂದು ಕೈಯಾಗ ಹಿಡಕೊಂಡು ಬಿಡಲೇ ಇಲ್ರಿ ಮೇಡಂ. ಆ ಹಸರು ಹಂಗ ಇರ್ಲಿ, ಅದು ಆ ಹುಡಿಗಿ ಸೀರಿದು ಅಂದ್ರು. ಅದನ್ನ ಗ್ವಾಡಿಗೆ ಹಾಕ್ಯಾರ. ಯಾವ ಹುಡಿಗೀನೋ, ಏನೋ."

ನನಗೂ ಗೊತ್ತಿಲ್ರಿ ಅಂದೆ.