ಮೂರನೆಯ ಬಾಟಲಿ

ಪುಣೆಯ ಹಡಪಸರದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ದುಡಿದವಳು ನಾನು. ಕೊಂಕಣದ ಒಂದು ಕಡಲತೀರದ ನೀರು ಈಜಲು ಯೋಗ್ಯವೇ ಎಂದು ತಿಂಗಳಿಗೊಮ್ಮೆ ನೋಡಿ ಹೇಳುವ ಕೆಲಸ ನಮಗೆ ಬಂದಾಗ, ಅಲ್ಲಿಂದ ನೀರು ತರಲು ನನ್ನನ್ನೇ ಕಳಿಸುತ್ತಾರೆ ಎಂದುಕೊಂಡಿದ್ದೆ. ಕಳಿಸಿದ್ದು ಬೆಳಗಾವಿಯಿಂದ ಬಂದು ಇನ್ನೂ ವರ್ಷ ತುಂಬದ ಹುಡುಗಿಯನ್ನು. ಅವಳಿಗೆ ಈಜು ಬರುತ್ತದೆ, ನಿಮಗೆ ಬರುವುದಿಲ್ಲ ಎಂದರು ಸಾಹೇಬರು.

ಅವಳು ನಸುಕಿನಲ್ಲೇ ಹೊರಟು, ಸೊಂಟಮಟ್ಟದ ನೀರಿನಲ್ಲಿ ನಿಂತು ಮೂರು ಕಡೆ ಬಾಟಲಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ಸಂಜೆ ತರುತ್ತಿದ್ದಳು. ನಾನು ಅದನ್ನು ಸೋಸಿ, ಸೋಸಲು ಬಳಸಿದ ಹಾಳೆಯನ್ನು ತಟ್ಟೆಯಲ್ಲಿ ಬೆಚ್ಚಗಿಟ್ಟು, ಮಲದಿಂದ ಬರುವ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಮರುದಿನ ಎಣಿಸುತ್ತಿದ್ದೆ.

"ಅಕ್ಕಾರ, ಇವತ್ತ ಡಾಲ್ಫಿನ್ ಕಂಡ್ವು ನೋಡ್ರಿ," ಅನ್ನುತ್ತಿದ್ದಳು. ನಾನು ತಲೆ ಎತ್ತುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿದ್ದ ನನ್ನ ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಆ ಡಾಲ್ಫಿನ್‌ಗಳು ನನ್ನ ತಲೆಯಿಂದ ಇಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಒಮ್ಮೆ ಮೂರನೆಯ ಬಾಟಲಿಯ ತಟ್ಟೆಯ ತುಂಬ ಎಣಿಸಲಾರದಷ್ಟು ಚುಕ್ಕೆ. ನನಗೆ ಸಂತೋಷವಾಯಿತು. ಸಿಕ್ಕಿಬಿದ್ದಳು ಎಂದುಕೊಂಡೆ. ಮಾದರಿ ತಂದ ಕ್ರಮದ ಬಗ್ಗೆ ಸಂಶಯವಿದೆ ಎಂದು ವರದಿಯಲ್ಲಿ ಬರೆದೆ. ಪೆಟ್ಟಿಗೆ ಬಂದಾಗ ಐಸ್ ಗಟ್ಟಿಯಾಗಿಯೇ ಇತ್ತು, ದಾರಿಯಲ್ಲಿ ನೀರು ಕೆಟ್ಟಿರಲು ಸಾಧ್ಯವಿರಲಿಲ್ಲ. ಅದನ್ನು ನೋಡಿ ದಾಖಲಿಸಿದವಳೂ ನಾನೇ.

"ಅಕ್ಕಾರ, ಅದು ಹಳ್ಳ ಬಂದು ಸಮುದ್ರಕ್ಕ ಸೇರೋ ಕಡೆ ತುಂಬಿದ್ದರಿ. ನೀರು ನಾರತಿತ್ತು ಅಂತ ಚೀಟಿ ಮ್ಯಾಲೆ ಬರದೇನಲ್ರಿ," ಅಂದಳು.

"ಚೀಟಿ ನೋಡೇನಿ. ಬಾಟ್ಲಿ ಬಾಯಿಗೆ ನಿನ್ನ ಕೈ ತಾಗಿರಬೇಕು."

ಸಾಹೇಬರು ನನ್ನ ವರದಿ, ಅವಳ ಚೀಟಿ ಎರಡನ್ನೂ ಓದಿ, ಹಾಗಾದರೆ ಇಬ್ಬರೂ ಹೋಗಿ, ಈ ಸಲ ನೀವೇ ತುಂಬಿ ಎಂದು ಮರಾಠಿಯಲ್ಲಿ ನನಗೆ ಹೇಳಿದರು.

ಎರಡು ದಿನ ಬಿಟ್ಟು ಹೋದೆವು. ಸಮುದ್ರ ಕಂಡಾಗ ನನಗೆ ಖುಷಿಯಾಗಲಿಲ್ಲ. ಇದನ್ನು ಇವಳು ಪ್ರತಿ ತಿಂಗಳೂ ನೋಡುತ್ತಾಳಲ್ಲ ಎಂಬುದೊಂದೇ ತಲೆಯಲ್ಲಿ. ಹಳ್ಳದ ಬಾಯಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿತ್ತು, ದೂರದಿಂದಲೇ ವಾಸನೆ ಬಡಿಯಿತು. ಅದರ ಪಕ್ಕದಲ್ಲೇ ಒಂದು ಕುಟುಂಬ ಸ್ನಾನ ಮಾಡುತ್ತಿತ್ತು. ಹೆಂಗಸಿನ ಸೊಂಟದ ಮೇಲೆ ಕೂಸು. ನಾನು ಬಾಟಲಿಯ ಮುಚ್ಚಳ ಬಿಚ್ಚುವುದರಲ್ಲಿದ್ದೆ. ಹುಡುಗಿ ಬಾಟಲಿ ಬಿಟ್ಟು ಅವರ ಕಡೆ ಓಡಿದಳು. ಇಲ್ಲಿ ಊರಿನ ಕೊಳೆ ಬಂದು ಸೇರುತ್ತದೆ, ಕೂಸಿಗೆ ಭೇದಿ ಆದೀತು ಎಂದು ಮರಾಠಿಯಲ್ಲಿ ತಿಳಿಸಿ ಹೇಳಿ ಅವರನ್ನು ದಂಡೆಗೆ ಕರೆತಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಚುಕ್ಕೆ ನೋಡಿದವಳು ನಾನು, ಎರಡು ದಿನ ಸುಮ್ಮನಿದ್ದವಳೂ ನಾನು.

ಮೂರೂ ಬಾಟಲಿ ನನ್ನ ಕೈಯಾರೆ ತುಂಬಿದೆ. ತೆರೆ ಬಂದಾಗ ಅವಳ ತೋಳು ಹಿಡಿದುಕೊಂಡೆ.

ಮೂರನೆಯ ತಟ್ಟೆ ಮತ್ತೆ ತುಂಬಿತ್ತು. ಮೊದಲಿನ ಮಾದರಿ ಸರಿಯಿತ್ತು, ನನ್ನ ಟಿಪ್ಪಣಿ ತಪ್ಪು ಎಂದು ಬರೆದು ಸಹಿ ಹಾಕಿದೆ. ಹಳ್ಳದ ಬಳಿ ನೀರಿಗಿಳಿಯಬಾರದೆಂದು ಅಲ್ಲಿ ಫಲಕ ಹಾಕಿದರು. ಸಾಹೇಬರು ಎಲ್ಲರೆದುರು ಹುಡುಗಿಯನ್ನು ಹೊಗಳಿದರು.

"ನಂದು ತಪ್ಪಾತು," ಎಂದೆ ಅವಳಿಗೆ.

"ಇರ್ಲಿ ಬಿಡ್ರಿ ಅಕ್ಕಾರ. ಚಾ ಕುಡಿಯೂಣ ಬರ್ರಿ."

ಅವಳ ಮನಸ್ಸಿನಲ್ಲಿ ನಿಜಕ್ಕೂ ಏನೂ ಉಳಿದಿರಲಿಲ್ಲ. ಅಷ್ಟು ಸಲೀಸಾಗಿ ಬಿಟ್ಟುಬಿಡುವುದು ಅವಳಿಗೆ ಹೇಗೆ ಬಂತೋ. ಚಹಾ ಕುಡಿಯುವಾಗ ಅದಕ್ಕೂ ನನ್ನ ಹೊಟ್ಟೆ ಉರಿಯಿತು.