ಮೇಲಿನ ಸಾಲಿನ ಚೀಲಗಳು

ಹೊಕ್ಕುಳಬಳ್ಳಿಯ ರಕ್ತ ಕಾದಿಡುವ ಆ ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಟ್ಯಾಂಕಕ್ಕ ಅನ್ನುತ್ತಿದ್ದರು. ಹದಿನಾರು ವರ್ಷದಿಂದ ಅವಳದು ಒಂದೇ ಕೆಲಸ: ಹೆರಿಗೆ ವಾರ್ಡುಗಳಿಂದ ಬಂದ ರಕ್ತಕ್ಕೆ ರಕ್ಷಕ ದ್ರಾವಣ ಬೆರೆಸಿ, ನಿಮಿಷಕ್ಕೊಂದು ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ಟ್ಯಾಂಕಿಗೆ ಇಳಿಸುವುದು. ಅವಸರ ಮಾಡಿದರೆ ಜೀವಕೋಶದೊಳಗೆ ಮಂಜಿನ ಹರಳುಗಳೆದ್ದು ಅದನ್ನೇ ಸೀಳಿಬಿಡುತ್ತವೆ. ಹಾಗಾಗಿ ಅವಳ ಕೈ ಬಲು ನಿಧಾನ. ಬಾಯಿಗೆ ಮಾತ್ರ ಆ ನಿಧಾನ ಒಗ್ಗಿರಲಿಲ್ಲ.

ಅಮ್ಮನ ಮಂಡಿ ಆಪರೇಷನ್ನಿಗೆಂದು ತಿಂಗಳು ರಜೆ ಹಾಕಿ ಮರಳಿದ ಬೆಳಿಗ್ಗೆ, ಮೂರನೇ ಟ್ಯಾಂಕಿನ ಮುಚ್ಚಳ ತೆಗೆದರೆ ಸಾರಜನಕ ತಳ ಸೇರಿತ್ತು. ಮೀಟಿಂಗಿಗೆ ತೊಂದರೆಯೆಂದು ಮ್ಯಾನೇಜರೇ ಎಚ್ಚರಿಕೆ ಗಂಟೆಯ ಪ್ಲಗ್ ಕೀಳಿಸಿದ್ದ. ಮೇಲಿನ ಸಾಲಿನ ರಕ್ತದ ಚೀಲಗಳ ಉಷ್ಣಾಂಶ ವಾರಗಟ್ಟಲೆ ಏರಿಳಿದಿತ್ತು. ಅವಳು ಮ್ಯಾನೇಜರನನ್ನು ಟ್ಯಾಂಕಿನ ಬಳಿಗೇ ಕರೆತಂದು ಆ ಚೀಲಗಳನ್ನು ತೋರಿಸಿದಳು.

"ಕಲ್ಲಿನ ಹಾಗೆ ಗಟ್ಟಿಯಾಗೇ ಇದೆಯಲ್ಲಮ್ಮ," ಅಂದ ಅವನು.

"ಗಟ್ಟಿಯಿದ್ದ ಮಾತ್ರಕ್ಕೆ ಬದುಕಿದೆ ಅಂತಲ್ಲ ಸಾರ್."

ಟ್ಯಾಂಕ್ ತುಂಬಿಸಿ ತೆಪ್ಪಗಿರು ಎಂದ. ಅವಳು ತೆಪ್ಪಗಿರಲಿಲ್ಲ. ಪ್ರತಿ ಚೀಲಕ್ಕೂ ಪರೀಕ್ಷೆಗೆಂದೇ ಅದೇ ರಕ್ತ ತುಂಬಿದ ಒಂದು ತುಂಡು ನಳಿಗೆ ಅಂಟಿಕೊಂಡಿರುತ್ತದೆ. ಮೇಲಿನ ಸಾಲಿನ ಎಂಟು ಚೀಲಗಳ ನಳಿಗೆ ಕತ್ತರಿಸಿ, ಕರಗಿಸಿ ನೋಡಿದಳು. ನೂರಕ್ಕೆ ಎಂಬತ್ತಾದರೂ ಉಳಿದಿರಬೇಕಾದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳಲ್ಲಿ ಜೀವವಿದ್ದದ್ದು ಇಪ್ಪತ್ತನಾಲ್ಕಕ್ಕೆ. ಬರೆದುಕೊಟ್ಟ ವರದಿಯನ್ನು ಮ್ಯಾನೇಜರ್ ಡ್ರಾಯರಿಗೆ ತಳ್ಳಿ ಬೀಗ ಹಾಕಿದ.

ಕೆಲವು ದಿನಗಳ ಮೇಲೆ ಆಸ್ಪತ್ರೆಯೊಂದರಿಂದ ಬೇಡಿಕೆ ಬಂತು. ಏಳು ವರ್ಷದ ಹುಡುಗಿಯ ಅಸ್ಥಿಮಜ್ಜೆ ಕೈಕೊಟ್ಟಿತ್ತು. ತಮ್ಮ ಹುಟ್ಟಿದಾಗ ಕಾದಿಟ್ಟ ರಕ್ತ ಅವಳಿಗೆ ಹೊಂದುತ್ತಿತ್ತು. ಆ ಚೀಲ ಎಂಟರಲ್ಲೊಂದು. ಕಳಿಸಿಬಿಡು, ಮುಂದಿನದು ಅವರ ಪಾಡು ಎಂದ ಮ್ಯಾನೇಜರ್. ವೈದ್ಯರು ಮೊದಲು ಔಷಧಿ ಕೊಟ್ಟು ಮಗುವಿನ ಅಳಿದುಳಿದ ಮಜ್ಜೆಯನ್ನೂ ಸುಡುತ್ತಾರೆ. ಆಮೇಲೆ ಹಾಕಿದ್ದು ಚಿಗುರದಿದ್ದರೆ ಹಿಂದಿರುಗುವ ದಾರಿಯಿಲ್ಲ. ಅದು ಮ್ಯಾನೇಜರನಿಗೂ ಗೊತ್ತಿತ್ತು. ಅವಳು ಅವನ ಎದುರಿಗೇ, ಅವನ ಮೇಜಿನ ಫೋನನ್ನೇ ಎತ್ತಿದಳು.

"ಡಾಕ್ಟ್ರೇ, ಔಷಧಿ ಶುರು ಮಾಡ್ಬೇಡಿ. ನಮ್ಮ ಚೀಲದಲ್ಲಿ ಮುಕ್ಕಾಲು ಪಾಲು ಸತ್ತಿದೆ. ಸಾಯಿಸಿದ್ದು ನಾವೇ."

ವೈದ್ಯರು ಆ ತಮ್ಮನಿಂದಲೇ ಮಜ್ಜೆ ತೆಗೆದು ಹಾಕಿದರು. ಹುಡುಗಿ ಉಳಿದಳು. ಅವಳ ಅಪ್ಪ ಒಂದು ದಿನ ಬಂದು ಟ್ಯಾಂಕಕ್ಕನ ಮುಂದೆ ನಿಂತು, ಉಳಿದ ತಾಯ್ತಂದೆಯರಿಗೆ ಹೇಳಿದ್ದೀರಾ ಎಂದು ಕೇಳಿದ. ಹೇಳಿರಲಿಲ್ಲ. ಆ ವಾರವೇ ಕೂತು, ಆ ಸಾಲಿನಲ್ಲಿ ಚೀಲವಿದ್ದ ಪ್ರತಿ ಮನೆಗೂ ತನ್ನ ಸಹಿ ಹಾಕಿ ಕಾಗದ ಬರೆದಳು. ಕೆಲಸ ಹೋಯಿತು, ಮ್ಯಾನೇಜರನದೂ ಹೋಯಿತು.

ಈಗ ಬೇರೊಂದು ಲ್ಯಾಬಿನಲ್ಲಿದ್ದಾಳೆ. ಯಾರಾದರೂ ಹೊಗಳಿದರೆ ಮುಖ ಸಿಂಡರಿಸುತ್ತಾಳೆ. ಆ ಮಗುವಿನ ಬೇಡಿಕೆ ಬರುವವರೆಗೆ, ವರದಿ ಕೊಟ್ಟಾಯಿತೆಂದು ತಾನೂ ಕೈತೊಳೆದು ಕೂತಿದ್ದೆನಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.