ಮಾಲಕರ ಹಂತ್ಯಾಕ ಐತಿ

ಕಾಕಾನ ಬಲಗಿವಿಯ ಸುಳಿಯಲ್ಲಿ ಯಾವಾಗಲೂ ಕೆಂಪು ಕೆಸರು ಒಣಗಿ ಕೂತಿರುತ್ತಿತ್ತು. ಇಳಕಲ್ಲಿನ ನಮ್ಮ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಷೀನಿಗೆ ಏರುವ ಮುಂಚೆ, ನಮ್ಮೆಲ್ಲರಿಗಿಂತ ಹಿರಿಯ ಕೆಲಸಗಾರರಾದ ಕಾಕಾ ಅದಕ್ಕೆ ಕಿವಿ ಹಚ್ಚಿ, ಬೆರಳ ಗಂಟಿನಿಂದ ಬಡಿದು ನೋಡುತ್ತಿದ್ದರು. ಠಣ್ ಅಂದರೆ ಕಲ್ಲು ಗಟ್ಟಿ. ದಬ್ ಅಂದರೆ ಒಳಗೆ ಬಿರುಕು. ಅದನ್ನು ನನಗೆ ಕಲಿಸಿದವರು ಅವರೇ. ಇವತ್ತು ಹುನಗುಂದದ ಇನ್ನೊಂದು ಫ್ಯಾಕ್ಟರಿಯಲ್ಲಿ ನಾನು ಅದರ ಮೇಲೆಯೇ ರೊಟ್ಟಿ ತಿನ್ನುತ್ತಿದ್ದೇನೆ.

ಮನುಷ್ಯರನ್ನು ಬಡಿದು ನೋಡುವ ಚಾಳಿ ಮಾತ್ರ ಅವರಿಗೆ ಇರಲಿಲ್ಲ.

ಪ್ರತಿ ಪಗಾರದಲ್ಲಿ ನಮ್ಮ ಪಿಎಫ್ ಪಾಲು ಹಿಡಿಯುತ್ತಿದ್ದರು. ಅದಕ್ಕೆ ಮಾಲೀಕ ತನ್ನ ಪಾಲನ್ನೂ ಸೇರಿಸಿ ಮುಂದಿನ ತಿಂಗಳು ಹದಿನೈದರೊಳಗೆ ಕಟ್ಟಬೇಕು, ಕಾಯ್ದೆ ಹಾಗಿದೆ. ನಮ್ಮ ಪುಣ್ಯಾತ್ಮ ಹಿಡಿಯುತ್ತಿದ್ದ, ಕಟ್ಟುತ್ತಿರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಖಾತೆ ತೆರೆದು ನೋಡಿದರೆ ವರ್ಷಗಟ್ಟಲೆ ಏನೂ ಬಿದ್ದಿರಲಿಲ್ಲ. ಎಲ್ಲರೂ ಸೇರಿ ದೂರು ಕೊಡಲು ಹೊರಟೆವು. ಗೇಟಿನಲ್ಲಿ ಅಡ್ಡ ನಿಂತವರು ಕಾಕಾ.

"ನಿಂದ್ರಲೇ. ನನ್ನ ಮಗಳ ಮದುವಿಗೆ ಸಕ್ಕರಿ ಚೀಲ ಕಳಿಸಿದ ಮನಿ ಅದು. ರೊಕ್ಕ ಎಲ್ಲಿ ಹೋಗ್ತಾವು? ಮಾಲಕರ ಹಂತ್ಯಾಕ ಐತಿ ಅಂದ್ರ ಬ್ಯಾಂಕಿನ್ಯಾಗ ಇದ್ದಂಗ."

"ಕಾಕಾ, ನಿಮ್ಮದೂ ಹೋಗ್ತೈತ್ರಿ," ಅಂದೆ.

"ನನಗ ಕೊಡ್ತೇನಿ ಅಂದಾರ. ನಿನಗೇನ ಅರ್ಜೆಂಟ?"

ಹಿರಿಯರ ಮಾತು ಮೀರಲಾರದೆ ಮರಳಿದೆವು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಆಸೆಯಾದರೂ ಏನಿತ್ತು? ಕಲ್ಲಿನ ಧೂಳು ತುಂಬಿ ಎದೆ ಗೊರಗೊರ ಅನ್ನುತ್ತಿತ್ತು. "ಪಿಎಫ್ ಬಂದ ದಿನ ಈ ಮಷೀನಿಗೆ ಕೈ ಮುಗಿದು ನಮ್ಮೂರು ಕಲಾದಗಿಗೆ ಹೋಗ್ತೇನಿ. ಕಟ್ಟಿ ಮ್ಯಾಲೆ ಕುಂತು ಬರೇ ಉಸರಾಡ್ತೇನಿ," ಅನ್ನುತ್ತಿದ್ದರು. ಅಷ್ಟೇ.

ಮರುವರ್ಷ ಫ್ಯಾಕ್ಟರಿ ಮುಚ್ಚಿತು. ಆಗ ದೂರು ಕೊಟ್ಟೆವು. ಕೇಸಾಯಿತು, ತಾರೀಖಿನ ಮೇಲೆ ತಾರೀಖು ಬಿತ್ತು, ಇನ್ನೂ ಬೀಳುತ್ತಲೇ ಇದೆ. ಮಷೀನು ಮಾರಿ ಪಿಎಫ್ ಕೊಡುತ್ತೇನೆಂದು ಮಾಲೀಕ ಕಾಕಾನಿಗೆ ಹೇಳಿ, ಅಲ್ಲಿಯವರೆಗೆ ಅವರನ್ನೇ ಮಷೀನು ಕಾಯಲು ಕೂರಿಸಿದ. ಪಗಾರವಿಲ್ಲ. ಇವರೋ ಕೆಮ್ಮುತ್ತಲೇ ಶೆಡ್ ಗುಡಿಸಿದರು, ಮಷೀನಿಗೆ ಎಣ್ಣೆ ಬಿಟ್ಟರು. ಕೊನೆಗೆ ಸಾಲ ಕೊಟ್ಟಿದ್ದ ಬ್ಯಾಂಕಿನವರು ಬಂದು ಎಲ್ಲವನ್ನೂ ಲಾರಿಗೆ ಏರಿಸಿಕೊಂಡು ಹೋದರು. ಗೇಟು ತೆರೆದುಕೊಟ್ಟವರು ಕಾಕಾನೇ.

ಅಂದು ಸಂಜೆ ಫೋನು ಮಾಡಿದರು. "ಅವತ್ತ ನಾ ಅಡ್ಡ ನಿಂದರಬಾರದಿತ್ತಲೇ," ಅಂದರು.

ಹೋದ ಚಳಿಗಾಲದಲ್ಲಿ ದವಾಖಾನೆಯಲ್ಲೇ ತೀರಿಕೊಂಡರು. ಕಲಾದಗಿ ಮುಟ್ಟಿದ್ದು ಹೆಣ. ಸಮಾಧಿಯ ಮೇಲೆ ಹಾಸಲಿಕ್ಕೆಂದು ಮಾಲೀಕ ಒಂದು ಕೆಂಪು ಕಲ್ಲು ಕಳಿಸಿದ್ದ. ಮಣ್ಣು ಮಾಡಿ ಬಂದಾಗ ಅದು ಮನೆಯ ಗೋಡೆಗೆ ಒರಗಿತ್ತು. ಕಾಕಾನ ಹೆಂಡತಿ ನನ್ನನ್ನು ಬದಿಗೆ ಕರೆದರು.

"ತಮ್ಮಾ, ಇದನ್ನ ಮಾರಿದ್ರ ಏನರ ಬರ್ತೈತೇನು? ದವಾಖಾನಿದು ಬಾಕಿ ಐತಿ."

ನಾನು ಕಲ್ಲಿಗೆ ಕಿವಿ ಹಚ್ಚಿ, ಅವರು ಕಲಿಸಿದಂತೆ ಬಡಿದೆ. ಇನ್ನೊಂದು ಕಡೆಯೂ ಬಡಿದೆ. ದಬ್ ಅಂದಿತು.

"ಯಾರೂ ತೊಗೊಳ್ಳೂದಿಲ್ರಿ ಕಾಕು," ಅಂದೆ. "ಒಳಗ ಒಡದೈತಿ."